ಅಬ್ಲೇಶನ್‌ಗೆ ಯೂರಿನ್ ಪೈಪ್ ಹಾಕ್ಲೇಬೇಕಾ? ಅಪ್ಪ ಅದೊಂದಕ್ಕೇ ಬೇಡ ಅಂತ ಕೂತಿದಾರೆ

ತಿಪಟೂರಿನ ಮಗಳು:

ಎಲ್ರಿಗೂ ನಮಸ್ಕಾರ. ನಮ್ಮಪ್ಪಂಗೆ 67, ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಈಗ ತೋಟ ನೋಡ್ಕೊಂಡಿದಾರೆ. ಒಂದೂವರೆ ವರ್ಷದಿಂದ ಎಎಫ್ ಇದೆ, ಏಟ್ರಿಯಲ್ ಫಿಬ್ರಿಲೇಶನ್ ಅಂತಾರಲ್ಲ, ಎದೆಬಡಿತ ತಾಳ ತಪ್ಪಿ ಓಡೋದು, ಅದು. ಮಾತ್ರೆಗೆ ಜಗ್ಗಲಿಲ್ಲ, ಅದಕ್ಕೇ ಮುಂದಿನ ತಿಂಗಳು ಬೆಂಗಳೂರಲ್ಲಿ ಅಬ್ಲೇಶನ್ ಮಾಡ್ಸೋದು ಅಂತ ಡೇಟ್ ತಗೊಂಡಿದೀವಿ.

ಈಗ ವಿಷಯ ಏನಪ್ಪಾ ಅಂದ್ರೆ, ತೊಡೆಸಂದಿಯಿಂದ ವೈರ್ ಬಿಟ್ಟು ಹಾರ್ಟ್ ಒಳಗಡೆ ಸುಡ್ತಾರೆ ಅನ್ನೋದಕ್ಕೆ ಅಪ್ಪಂಗೆ ಒಂಚೂರೂ ಭಯ ಇಲ್ಲ. ಭಯ ಎಲ್ಲಾ ಯೂರಿನ್ ಪೈಪ್ ಮೇಲೆ. ಕೆಲವು ವರ್ಷದ ಹಿಂದೆ ಹರ್ನಿಯಾ ಆಪರೇಷನ್ ಆದಾಗ ಒಂದು ನರ್ಸಿಂಗ್ ಹೋಮಲ್ಲಿ ಪೈಪ್ ಹಾಕಿ ಎರಡು ದಿನ ಹಂಗೇ ಬಿಟ್ಟಿದ್ರು, ತೆಗೆಯೋವಾಗ ಒಳಗಿನ ಬಲೂನಿನ ನೀರು ಪೂರ್ತಿ ಎಳೆದಿರ್ಲಿಲ್ವೋ ಏನೋ ಗೊತ್ತಿಲ್ಲ, ಅಪ್ಪ ಕೂಗಿದ್ದು ಹೊರಗೆ ಬೆಂಚಲ್ಲಿ ಕೂತಿದ್ದ ನಂಗೂ ಅಮ್ಮಂಗೂ ಕೇಳಿಸ್ತು, ಆಮೇಲೆ ಒಂದು ವಾರ ರಕ್ತ, ಉರಿ, ಜ್ವರ, ಆಂಟಿಬಯೋಟಿಕ್. ಹರ್ನಿಯಾ ನೋವು ಅವ್ರಿಗೆ ನೆನಪೇ ಇಲ್ಲ, ಪೈಪಿಂದು ಮಾತ್ರ ನಿನ್ನೆ ಆದಂಗೆ ಹೇಳ್ತಾರೆ.

ಮೊದಲನೇ ಸಲ ಡಾಕ್ಟ್ರು "ಕ್ಯಾಥೆಟರ್ ಅಬ್ಲೇಶನ್ ಮಾಡೋಣ" ಅಂದ ತಕ್ಷಣ ಅಪ್ಪ ಕುರ್ಚಿಯಿಂದ ಎದ್ದೇಬಿಟ್ರು. ಅವ್ರಿಗೆ ಕ್ಯಾಥೆಟರ್ ಅಂದ್ರೆ ಅದೊಂದೇ. ಹಾರ್ಟ್ ಒಳಗೆ ಹೋಗೋದಕ್ಕೂ ಕ್ಯಾಥೆಟರ್ ಅಂತಾರೆ, ಇದು ಬೇರೆ ಅದು ಬೇರೆ ಅಂತ ಡಾಕ್ಟ್ರು ಚಿತ್ರ ಬರೆದು ತೋರಿಸಿದ್ಮೇಲೆ ಕೂತ್ರು. ಆಮೇಲೆ ಹೊರಗೆ ಬಂದು ಕೋಆರ್ಡಿನೇಟರ್ ಹತ್ರ ಪ್ಯಾಕೇಜ್ ವಿಚಾರ ಮಾತಾಡೋವಾಗ ಅವ್ರು ಲಿಸ್ಟ್ ಓದ್ತಾ ಓದ್ತಾ "ಯೂರಿನ್ ಕ್ಯಾಥೆಟರ್ ಹಾಕ್ತೀವಿ, ಅದು ಎಲ್ರಿಗೂ ರೊಟೀನ್" ಅಂದ್ರು ನೋಡಿ, ಅಲ್ಲಿಗೆ ಮುಗೀತು. ವಾಪಸ್ ಬರೋವಾಗ ಬಸ್ಸಲ್ಲಿ ಒಂದು ಮಾತಿಲ್ಲ, ತುಮಕೂರು ದಾಟಿದ್ಮೇಲೆ "ನಂಗೆ ಈ ಬಡಿತಾನೇ ಸಾಕು ಬಿಡಮ್ಮ" ಅಂದ್ರು.

ನಂಗೆ ಗೊತ್ತಾಗ್ಬೇಕಿರೋದು ಇಷ್ಟೇ, ಇದು ನಿಜವಾಗ್ಲೂ ಎಲ್ರಿಗೂ ಬೇಕಾ, ಬೇಡ ಅಂತ ನಾವು ಕೇಳಬಹುದಾ, ಕೇಳಿದ್ರೆ ಡಾಕ್ಟ್ರು ಬೇಜಾರು ಮಾಡ್ಕೋತಾರಾ? ಇಲ್ಲಿ ಯಾರಾದ್ರೂ ಮಾಡಿಸ್ಕೊಂಡೋರು ಇದ್ರೆ ಹೇಳಿ. ಅಪ್ಪಂಗೆ ಶುಗರ್ ಇಲ್ಲ, ರಕ್ತ ತೆಳು ಆಗೋ ಎಪಿಕ್ಸಬಾನ್ ಬೆಳಗ್ಗೆ ಸಂಜೆ ತಗೋತಾರೆ.

ಕ್ಯಾಥ್‌ಲ್ಯಾಬ್ ಸಿಸ್ಟರ್:

ಹನ್ನೊಂದು ವರ್ಷ ಕ್ಯಾಥ್‌ಲ್ಯಾಬಲ್ಲಿ ಸ್ಟಾಫ್ ನರ್ಸ್ ಆಗಿದ್ದೆ, ಅದರಲ್ಲಿ ಏಳು ವರ್ಷ ಈ ಇಪಿ ಕೇಸುಗಳೇ, ಅಂದ್ರೆ ಎದೆಬಡಿತದ ತಾಳ ತಪ್ಪಿದ್ದನ್ನ ಸರಿ ಮಾಡೋವು, ಹಂಗಾಗಿ ಸ್ವಲ್ಪ ಉದ್ದ ಬರೀತೀನಿ, ಬೈಕೋಬೇಡಿ.

ಎಲ್ರಿಗೂ ರೊಟೀನ್ ಅಂತ ಕೋಆರ್ಡಿನೇಟರ್ ಹೇಳಿದ್ದು ಅವ್ರ ಆಸ್ಪತ್ರೆ ಅಭ್ಯಾಸ ಅಷ್ಟೇ, ಎಲ್ಲಾ ಕಡೆ ಹಂಗಿಲ್ಲ. ಆದ್ರೆ ಆ ಅಭ್ಯಾಸ ಸುಮ್ನೆ ಬಂದಿದ್ದಲ್ಲ, ಅದಕ್ಕೊಂದು ಕಾರಣ ಇತ್ತು, ಅದನ್ನ ಮೊದಲು ತಿಳ್ಕೊಳ್ಳಿ. ಎಎಫ್ ಅಬ್ಲೇಶನ್ ಮೊದಮೊದಲು ನಾಲ್ಕು ಗಂಟೆ ಐದು ಗಂಟೆ ಹಿಡೀತಿತ್ತು. ಸುಡೋ ಕ್ಯಾಥೆಟರ್ ತುದಿ ಬಿಸಿ ಆಗಿ ರಕ್ತ ಗರಣೆ ಕಟ್ಬಾರ್ದು ಅಂತ ಅದರ ತುದಿಯಿಂದ ಸಲೈನ್ ಸುರೀತಾ ಇರತ್ತೆ, ಕ್ಯಾಥೆಟರ್ ಯಾವುದು ಅನ್ನೋದರ ಮೇಲೆ ನಿಮಿಷಕ್ಕೆ 15 ಎಂಎಲ್ ಇಂದ 30 ಎಂಎಲ್ ತನಕ. ಅದೆಲ್ಲ ಹೋಗೋದು ಎಲ್ಲಿಗೆ, ಸೀದಾ ರಕ್ತಕ್ಕೆ. ಜೊತೆಗೆ ಶೀತ್ ಫ್ಲಶ್, ಅಂದ್ರೆ ವೈರ್ ಹೋಗೋ ಕೊಳವೆ ಕಟ್ಕೊಳ್ಳದಂಗೆ ಬಿಡೋ ಸಲೈನ್, ಆಮೇಲೆ ಅನಸ್ತೇಶಿಯಾದೋರ ಡ್ರಿಪ್. ಕೇಸು ಮುಗಿಯೋ ಹೊತ್ತಿಗೆ ಲೀಟರ್ ಮೇಲೆ ಒಳಗೆ ಹೋಗಿರತ್ತೆ, ಕೆಲವ್ರಿಗೆ ಎರಡು ಲೀಟರೂ ಆಗತ್ತೆ. ಮನುಷ್ಯನ ಮೂತ್ರಕೋಶ ಹಿಡಿಯೋದೇ 400, 500 ಎಂಎಲ್, ಇನ್ನೂರು ಮುನ್ನೂರಕ್ಕೇ ಹೋಗ್ಬೇಕು ಅನ್ಸೋಕೆ ಶುರು. ಇದರ ಮೇಲೆ ನೀರು ಜಾಸ್ತಿ ಆಯ್ತು ಅಂತ ಕೊನೇಲಿ ಮೂತ್ರ ಜಾಸ್ತಿ ಬರಿಸೋ ಲ್ಯಾಸಿಕ್ಸ್ ಬೇರೆ ಕೊಡ್ತಾರೆ. ಪೈಪ್ ಹಾಕ್ದೆ ಇನ್ನೇನ್ ಮಾಡೋದು ಅಂತ ಶುರು ಆಗಿದ್ದು ಇದು.

ಇನ್ನೊಂದು, ಪೇಷಂಟ್ ಅಲ್ಲಾಡಬಾರ್ದು. ನಾನು ಕಣ್ಣಾರೆ ನೋಡಿರೋದು ಹೇಳ್ತೀನಿ. ಪೂರ್ತಿ ಅನಸ್ತೇಶಿಯಾ ಇಲ್ಲ, ಬರೀ ಮಂಪರು ಬರೋ ಹಂಗೆ ಕೊಟ್ಟಿರ್ತಾರೆ. ಸ್ಕ್ರೀನ್ ಮೇಲೆ ಹೃದಯದ ಎಡ ಮೇಲ್ಕೋಣೆದು ಬಣ್ಣ ಬಣ್ಣದ ಮ್ಯಾಪ್ ರೆಡಿ ಆಗಿದೆ, ಡಾಕ್ಟ್ರು ಶ್ವಾಸಕೋಶದಿಂದ ರಕ್ತ ತರೋ ಪಲ್ಮನರಿ ವೇನ್ ಸುತ್ತ ಚುಕ್ಕಿ ಚುಕ್ಕಿ ಸುಡ್ತಾ ಅರ್ಧ ವೃತ್ತ ಮುಗಿಸಿದಾರೆ. ಮೂರನೇ ಗಂಟೆ. ಪೇಷಂಟ್‌ದು ಮೊದಲು ಕಾಲಿನ ಹೆಬ್ಬೆರಳು ಆಡೋಕೆ ಶುರು ಆಗತ್ತೆ, ನಂಗೆ ಅದು ನೋಡಿದ್ರೇ ಗೊತ್ತಾಗ್ತಿತ್ತು. ಆಮೇಲೆ ಮಂಡಿ. ಆಮೇಲೆ ಮೆಲ್ಲಗೆ "ಸಿಸ್ಟರ್... ಒಂದಕ್ಕೆ..." ಅಂತ. ಹಸಿರು ಬಟ್ಟೆ ಅಡಿಯಲ್ಲಿ ಸೊಂಟ ಒಂದು ಸಲ ಎತ್ತಿ ಹಾಕಿದ್ರೆ ಸಾಕು, ಅಷ್ಟೊತ್ತು ಕೂತು ಮಾಡಿದ ಮ್ಯಾಪ್ ಜಾಗ ಬಿಟ್ಟು ಕದಲತ್ತೆ. ಮತ್ತೆ ಸರಿ ಮಾಡ್ಕೋಬೇಕು. ಅವತ್ತು ಡಾಕ್ಟ್ರು ನನ್ನ ಮುಖ ನೋಡಿದ ರೀತಿ ಇವತ್ತಿಗೂ ಮರೆತಿಲ್ಲ 😄

ಆದ್ರೆ ಕಾಲ ಬದಲಾಯ್ತು. ಈಗ ಕೈ ಪಳಗಿದೆ, ಮಷೀನು ಚೆನ್ನಾಗಿದೆ, ಎಷ್ಟೋ ಕಡೆ ಎರಡು ಗಂಟೆ ಆಸುಪಾಸಲ್ಲೇ ಮುಗಿಸ್ತಾರೆ. ಕ್ರಯೋ ಬಲೂನ್ ಅಂತ ತಣ್ಣಗೆ ಮಾಡಿ ಮಾಡೋದಿದೆಯಲ್ಲ, ಅದಕ್ಕೆ ಈ ಸುರಿಯೋ ಸಲೈನೇ ಇಲ್ಲ. ಹಂಗಾಗಿ ನಮ್ಮ ಲ್ಯಾಬಲ್ಲೇ ಕೊನೆಕೊನೆಗೆ ಎಲ್ರಿಗೂ ಹಾಕೋದು ನಿಲ್ಸಿದ್ವಿ. ಏನ್ ಮಾಡ್ತಿದ್ವಿ ಅಂದ್ರೆ, ಟ್ರಾಲಿ ಹತ್ತೋಕೆ ಮುಂಚೆ ಕೊನೇ ಕ್ಷಣದಲ್ಲಿ ಬಾತ್‌ರೂಮಿಗೆ ಕಳಿಸೋದು. ವಾರ್ಡಲ್ಲಿ ಬೆಳಗ್ಗೆ ಹೋಗಿದ್ದೆ ಅಂದ್ರೆ ಒಪ್ತಿರ್ಲಿಲ್ಲ, ಮುಂಚಿನ ಕೇಸು ಲೇಟಾಗಿ ಇವ್ರು ಹೊರಗೆ ಒಂದು ಗಂಟೆ ಕಾದಿರ್ತಾರೆ, ಡ್ರಿಪ್ ಓಡ್ತಾನೇ ಇರತ್ತೆ, ಮತ್ತೆ ಹೋಗಿ ಬರ್ಲೇಬೇಕು. ಇದೊಂದು ಕೆಲಸ ಸರಿಯಾಗಿ ಮಾಡಿದ್ರೆ ಅರ್ಧ ತಲೆನೋವು ಕಮ್ಮಿ. ಗಂಡಸರಿಗೆ ಕಾಂಡೋಮ್ ಕ್ಯಾಥೆಟರ್ ಅಂತ ಹೊರಗಿಂದ ಹಾಕೋದಿದೆ, ಒಳಗೇನೂ ಹೋಗಲ್ಲ. ಒಂದೊಂದ್ಸಲ ಜಾರಿ ಟೇಬಲ್ ಎಲ್ಲ ಒದ್ದೆ, ಅದೂ ಅನುಭವಿಸಿದೀನಿ.

ಕೇಳಿ, ಧಾರಾಳವಾಗಿ ಕೇಳಿ. ಕೋಆರ್ಡಿನೇಟರ್‌ನಲ್ಲ, ಡಾಕ್ಟ್ರನ್ನೇ. ಅಪ್ಪನ ಹರ್ನಿಯಾ ಕಥೆ ಇಲ್ಲಿ ಬರೆದಂಗೇ ಅವ್ರಿಗೂ ಹೇಳಿ. ಬೇಜಾರು ಮಾಡ್ಕೊಳ್ಳೋ ಡಾಕ್ಟ್ರು ನಾನು ಕಮ್ಮಿ ನೋಡಿದೀನಿ, ಟೇಬಲ್ ಮೇಲೆ ಮಲಗಿದ್ಮೇಲೆ ಹಠ ಮಾಡಿದ್ರೆ ಮಾತ್ರ ಎಲ್ರಿಗೂ ಬೇಜಾರು.

ಒಂದು ಕೇಳ್ಬೇಕಿತ್ತು. ಅಪ್ಪ ರಾತ್ರಿ ಎಷ್ಟು ಸಲ ಏಳ್ತಾರೆ?

ತಿಪಟೂರಿನ ಮಗಳು:

ಸಿಸ್ಟರ್ ತುಂಬಾ ಥ್ಯಾಂಕ್ಸ್, ಹೆಬ್ಬೆರಳಿನ ವಿಷಯ ಓದಿ ಅಪ್ಪಂಗೂ ಓದಿ ಹೇಳಿದೆ, ನಕ್ರು, ಒಂದು ವಾರದಲ್ಲಿ ಮೊದಲ ಸಲ. ರಾತ್ರಿ ಎರಡು ಮೂರು ಸಲ ಏಳ್ತಾರೆ, ವಯಸ್ಸಾಯ್ತಲ್ಲ ಅಂತ ನಾವ್ಯಾರೂ ತಲೆ ಕೆಡಿಸ್ಕೊಂಡಿರ್ಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಹುಬ್ಬಳ್ಳಿ ಕಾಕಾ:

ತಂಗಿ, ಸಂಬಂಧ ಅದ ಅಂದ್ರ ಭಾಳ ಅದ, ನನ್ನ ಕಥಿ ಕೇಳು.

ನನಗ ಹೋದ ವರ್ಷ ಎಎಫ್ ಅಬ್ಲೇಶನ್ ಆತು, 63 ವಯಸ್ಸು. ನಾನೂ ನಿಮ್ಮಪ್ಪನಂಗ ಪೈಪ್ ಬ್ಯಾಡ್ರಿ ಅಂತ ಹಠಾ ಹಿಡದೆ. ಡಾಕ್ಟರ್ ಒಳ್ಳೆಯವ್ರು, ಆತ್ರಿ ಬ್ಯಾಡ ಬಿಡ್ರಿ ಅಂದ್ರು. ಒಳಗ ಎಲ್ಲಾ ಚೊಲೋ ಆತು, ಎರಡೂವರಿ ತಾಸು, ನಿದ್ದಿಗಣ್ಣಾಗ ಏನೂ ಗೊತ್ತಾಗ್ಲಿಲ್ಲ. ತ್ರಾಸ ಚಾಲೂ ಆಗಿದ್ದು ಆಮ್ಯಾಲ. ತೊಡಿ ಸಂದ್ಯಾಗ ತೂತು ಮಾಡಿರ್ತಾರಲ್ಲ, ರಕ್ತ ಬರಬಾರ್ದು ಅಂತ ಕಾಲು ಮಡಚಂಗಿಲ್ಲ, ಏಳಂಗಿಲ್ಲ, ಅಂಗಾತ ಮಕ್ಕೋಬೇಕು ಐದಾರು ತಾಸು. ಸಿಸ್ಟರ್ ಯೂರಿನ್ ಪಾಟ್ ತಂದು ಕೊಟ್ಲು, ಮಾಡ್ರಿ ಕಾಕಾ ಅಂದ್ಲು. ಮಕ್ಕೊಂಡು ಮಾಡಂದ್ರ ಹ್ಯಾಂಗ ಮಾಡೂದ್ರಿ? ಹುಟ್ಟಿದಾಗಿಂದ ನಿಂತು ರೂಢಿ! ಮಗಗ ಹೊರಗ ಹೋಗಂದೆ, ಹೆಂಡತಿಗೂ ಹೊರಗ ಹೋಗಂದೆ, ಪರದೆ ಹಾಕಿಸಿದೆ, ಸಿಸ್ಟರ್ ಬಾತ್‌ರೂಮಿನ ನಳಾ ಬಿಟ್ಲು ಆ ಸಪ್ಪಳಕ್ಕಾದ್ರೂ ಬರಲಿ ಅಂತ. ಏನ್ ಮಾಡಿದ್ರೂ ಒಂದು ಹನಿ ಇಲ್ಲ. ಹೊಟ್ಟಿ ಕೆಳಗ ತೆಂಗಿನಕಾಯಿ ಇಟ್ಟಂಗ ಗಟ್ಟಿ ಆತು, ಬೆವರು ಇಳದು ಬಿಪಿ ಏರ್ತು, ಹಾರ್ಟಿಗೆ ಏನೋ ಆತು ಅಂತ ಹೆಂಡತಿ ಅಳಾಕ ಹತ್ತಿದ್ಲು.

ಕಡೀಕ ರಾತ್ರಿ ಡ್ಯೂಟಿ ಡಾಕ್ಟರ್ ಬಂದು ಒಂದು ಸಲಕ್ಕ ಅಂತ ಸಣ್ಣ ಪೈಪ್ ಹಾಕಿ ಖಾಲಿ ಮಾಡಿ ತಗದ್ರು. 700 ಎಂಎಲ್ ಬಂತು! ಹೋದ ಜೀವ ಬಂದಂಗಾತು. ಆದ್ರ ರಕ್ತ ತೆಳು ಮಾಡೂ ಔಷಧ ಮೈಯಾಗ ಇತ್ತಲ್ಲ, ಮರುದಿನ ಇಡೀ ಕೆಂಪಗ ಹೋತು. ಆಮ್ಯಾಲ ಸ್ಕ್ಯಾನ್ ಮಾಡಿಸಿದ್ರ ಮೂತ್ರದ ದಾರಿ ಸುತ್ತ ಇರೂ ಪ್ರಾಸ್ಟೇಟ್ ಗ್ರಂಥಿ ಊದಿತ್ತು, ನನಗ ಗೊತ್ತs ಇದ್ದಿಲ್ಲ. ನಾನೂ ರಾತ್ರಿ ಮೂರು ಸಲ ಏಳತಿದ್ದೆ.

ಪೈಪ್ ಹಾಕಿಸ್ಕೋ ಅಂತ ಹೇಳವಲ್ಲೆ ಮತ್ತ. ಮೊದಲು ಪ್ರಾಸ್ಟೇಟ್ ನೋಡಿಸ್ರಿ ಅಂತ ಹೇಳಾಕತ್ತೀನಿ.

ಮೈಸೂರು ಮಲ್ಲಿಗೆ ಮೊಗ್ಗು:

ಕಾಕಾ ನಿಮ್ಮ ಕಥೆ ಓದಿ ನಗ್ಬೇಕೋ ಅಳ್ಬೇಕೋ ಗೊತ್ತಾಗ್ಲಿಲ್ಲ.

ಹೆಂಗಸರದ್ದೂ ಯಾರಾದ್ರೂ ಹೇಳ್ಬೇಕಲ್ಲ. ನಂದು ಎಸ್‌ವಿಟಿ, ಅದೂ ಎದೆ ಇದ್ದಕ್ಕಿದ್ದಂಗೆ ಜೋರಾಗಿ ಓಡೋದೇ, ಆದ್ರೆ ಎಎಫ್ ಅಲ್ಲ, 38ಕ್ಕೆ ಅಬ್ಲೇಶನ್ ಆಯ್ತು. ಒಂದೂಕಾಲು ಗಂಟೆ, ಜಾಗಕ್ಕೆ ಮಾತ್ರ ಮರಗಟ್ಟೋ ಇಂಜೆಕ್ಷನ್, ಪೈಪ್ ಗೀಪ್ ಏನೂ ಇಲ್ಲ, ಕೇಳ್ಲೂ ಇಲ್ಲ. ಆಮೇಲೆ ನಾಲ್ಕು ಗಂಟೆ ಮಲಗಿದ್ದಾಗ ಬೆಡ್‌ಪ್ಯಾನ್. ಸೊಂಟ ಎತ್ತಬೇಡಿ, ಕಾಲು ಮಡಚಬೇಡಿ ಅಂತಾರೆ, ಬೆಡ್‌ಪ್ಯಾನ್ ಮೇಲೆ ಕೂರೋದಕ್ಕೆ ಎರಡೂ ಮಾಡ್ಲೇಬೇಕು, ಯಾರು ಕಂಡುಹಿಡಿದ್ರೋ ಇದನ್ನ. ನಮ್ಮ ಸಿಸ್ಟರ್ ಜಾಣೆ, ತೂತು ಇಲ್ಲದ ಕಡೆಗೆ ಮರದ ದಿಮ್ಮಿ ಹೊರಳಿಸಿದಂಗೆ ನನ್ನ ಇಡೀ ಮೈ ಒಟ್ಟಿಗೆ ಹೊರಳಿಸಿ, ಚಪ್ಪಟೆ ಬೆಡ್‌ಪ್ಯಾನ್ ಜಾರಿಸಿ, ತೊಡೆಸಂದಿಯ ಬ್ಯಾಂಡೇಜ್ ಮೇಲೆ ಕೈ ಒತ್ತಿ ಹಿಡ್ಕೊಂಡೇ ನಿಂತಿದ್ಲು. ಆ ಕೈ ಅಲ್ಲೇ ಇತ್ತಲ್ಲ ಅಂತ ಧೈರ್ಯ ಬಂತು.

ಇನ್ನೊಂದು ವಿಚಿತ್ರ, ನಂಗೆ ಎದೆ ಓಡೋಕೆ ಶುರು ಆದಾಗೆಲ್ಲ ಅರ್ಧ ಗಂಟೆ ಆದ್ಮೇಲೆ ಬಾತ್‌ರೂಮಿಗೆ ಓಡೋಡಿ ಹೋಗ್ತಿದ್ದೆ, ಟೆನ್ಷನ್‌ಗೆ ಅಂತ ಎಲ್ರೂ ಬೈತಿದ್ರು. ಆಮೇಲೆ ಡಾಕ್ಟ್ರು ಹೇಳಿದ್ರು, ಹೃದಯದ ಮೇಲ್ಕೋಣೆ ಹಿಗ್ಗಿದಾಗ ಅಲ್ಲಿಂದಾನೇ ಒಂದು ಹಾರ್ಮೋನ್ ಬಿಡುಗಡೆ ಆಗಿ ಮೂತ್ರ ಜಾಸ್ತಿ ಆಗತ್ತಂತೆ. ಹಂಗಾಗಿ ಟೇಬಲ್ ಮೇಲೆ ಅವ್ರು ಬೇಕಂತಲೇ ಎಸ್‌ವಿಟಿ ಬರಿಸ್ತಾರಲ್ಲ ಟೆಸ್ಟ್ ಮಾಡೋಕೆ, ಅದೂ ಸೇರ್ಕೊಳತ್ತೆ.

ಸುಮ್ನಿರಿ ಸಾಕು:

ಡಾಕ್ಟ್ರು ಏನ್ ಹೇಳ್ತಾರೋ ಅದು ಮಾಡ್ಸಿ ಸುಮ್ನೆ. ಹಾರ್ಟ್ ಒಳಗೆ ಕೈ ಹಾಕೋಕೆ ನಂಬ್ತೀರ, ಒಂದು ಪೈಪಿಗೆ ನಂಬಲ್ವಾ. ಎಲ್ರೂ ಮೊಬೈಲಲ್ಲಿ ಓದಿ ಡಾಕ್ಟ್ರೇ ಆಗ್ಬಿಟ್ಟಿದೀರ.

ಕ್ಯಾಥ್‌ಲ್ಯಾಬ್ ಸಿಸ್ಟರ್:

@ಸುಮ್ನಿರಿ ಸಾಕು ಸರ್, ಎಷ್ಟೋ ಕಡೆ ಪೈಪ್ ಹಾಕೋ ನಿರ್ಧಾರ ಡಾಕ್ಟ್ರು ಮಾಡೋದೇ ಇಲ್ಲ, ಅದು ಪ್ರಿಪರೇಶನ್ ಶೀಟಲ್ಲಿ ಪ್ರಿಂಟ್ ಆಗಿರತ್ತೆ, ಶೇವಿಂಗ್ ಆಯ್ತಾ, ಐವಿ ಲೈನ್ ಆಯ್ತಾ, ಫೋಲಿ, ಅಂದ್ರೆ ಈ ಯೂರಿನ್ ಪೈಪ್, ಆಯ್ತಾ ಅಂತ ನಾವು ಟಿಕ್ ಹಾಕ್ತಾ ಹೋಗ್ತೀವಿ. ಆ ಶೀಟ್ ಯಾವ ಕಾಲದಲ್ಲಿ ಯಾರು ಬರೆದ್ರೋ. ಹಂಗಾಗಿ ಒಬ್ರು ಕೇಳಿದ್ರೆ ತಪ್ಪೇನಿಲ್ಲ, ಕೇಳಿದ್ರಿಂದಾನೇ ನಮ್ಮಲ್ಲಿ ಶೀಟ್ ಬದಲಾಗಿದ್ದು.

ಯೂರೋ ಪಿಜಿ:

ನಾನು ಯೂರಾಲಜಿ ರೆಸಿಡೆಂಟ್, ರಾತ್ರಿ ಡ್ಯೂಟಿಲಿ ಟೈಪ್ ಮಾಡ್ತಿದೀನಿ, ತಪ್ಪಿದ್ರೆ ಕ್ಷಮಿಸಿ. ಕಾರ್ಡಿಯಾಲಜಿ ವಾರ್ಡಿಂದ ನಮಗೆ ರಾತ್ರಿ ಫೋನ್ ಬರೋದೇ ಇಂಥ ಕೇಸುಗಳಿಗೆ. ಎರಡು ಥರ ಬರತ್ತೆ, ಹಾಕಿ ಕೆಡಿಸ್ಕೊಂಡಿರೋದು, ಹಾಕ್ದೇ ಕೆಡಿಸ್ಕೊಂಡಿರೋದು.

ಸಾಮಾನ್ಯ ಫೋಲಿ 14 ಇಲ್ಲ 16 ಫ್ರೆಂಚ್ ಸೈಜ್. ಮೂರು ಫ್ರೆಂಚ್ ಅಂದ್ರೆ ಒಂದು ಮಿಲಿಮೀಟರ್, ಅಂದ್ರೆ ಐದು ಎಂಎಂ ಆಸುಪಾಸು ದಪ್ಪ. ತುದೀಲಿ 10 ಎಂಎಲ್ ಹಿಡಿಯೋ ಬಲೂನ್. ಅದು ಮೂತ್ರಕೋಶದ ಒಳಗೆ ಹೋದ್ಮೇಲೇ ಉಬ್ಬಿಸ್ಬೇಕು, ದಾರೀಲೇ ಉಬ್ಬಿಸಿದ್ರೆ ಹರಿಯತ್ತೆ. ತೆಗೆಯೋವಾಗ ಅದೇ ನೀರು ಪೂರ್ತಿ ವಾಪಸ್ ಎಳೀಬೇಕು, ನಿಮ್ಮಪ್ಪಂಗೆ ಅದೇ ಆಗಿರಬಹುದು ಅಂತ ನಂಗೂ ಅನುಮಾನ. ಆರೋಗ್ಯವಾಗಿರೋರಿಗೆ ಇದೆಲ್ಲ ಎರಡು ದಿನದ ಉರಿ, ಅಷ್ಟೇ. ಆದ್ರೆ ಎಎಫ್ ಅಬ್ಲೇಶನ್ ವಿಶೇಷ ಏನು ಅಂದ್ರೆ, ಎಪಿಕ್ಸಬಾನ್ ಥರದ್ದನ್ನ ಸಾಮಾನ್ಯವಾಗಿ ಪೂರ್ತಿ ನಿಲ್ಸಲ್ಲ, ಅದರ ಮೇಲೆ ಕೇಸ್ ನಡೆಯೋವಾಗ ರಕ್ತ ತೆಳು ಮಾಡೋ ಹೆಪಾರಿನ್ ಕೊಟ್ಟು, ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಅಂತ ನೋಡೋ ಎಸಿಟಿ ಅನ್ನೋ ಟೆಸ್ಟು 300 ಸೆಕೆಂಡ್ ಮೇಲೇ ಇರೋ ಹಂಗೆ ನೋಡ್ಕೋತಾರೆ, ಇಲ್ದಿದ್ರೆ ಎಡಗಡೆ ಹೃದಯದಲ್ಲಿ ಗರಣೆ ಕಟ್ಟಿ ಸ್ಟ್ರೋಕ್ ಆಗೋ ಭಯ. ಅಂಥಾ ಟೈಮಲ್ಲಿ ಪೈಪ್ ಒಂಚೂರು ಗೀರಿದ್ರೂ ರಕ್ತ ನಿಲ್ಲಲ್ಲ, ಬ್ಯಾಗ್ ಎಲ್ಲ ಕೆಂಪು, ಗರಣೆ ಕಟ್ಟಿ ಪೈಪೇ ಬ್ಲಾಕ್.

ಅದಕ್ಕೇ ನಾನು ಹೇಳೋದು, ಹಾಕೋದಿದ್ರೆ ಹೆಪಾರಿನ್‌ಗೆ ಮುಂಚೆ, ನಿಧಾನಕ್ಕೆ, ಮರಗಟ್ಟಿಸೋ ಲಿಗ್ನೋಕೇನ್ ಜೆಲ್ಲಿ ಬಿಟ್ಟು ಮೂರ್ನಾಲ್ಕು ನಿಮಿಷ ಕಾದು ಹಾಕ್ಲಿ. ಜೆಲ್ಲಿ ಬಿಟ್ಟ ತಕ್ಷಣ ನುಗ್ಸೋದು ನಮ್ಮ ಕಡೆ ದೊಡ್ಡ ಕೆಟ್ಟ ಅಭ್ಯಾಸ, ಆ ಜೆಲ್ಲಿಗೆ ಕೆಲಸ ಮಾಡೋಕೆ ಟೈಮೇ ಕೊಡಲ್ಲ. ಹಾಕ್ದೇ ಬಿಟ್ಟು ಅರ್ಧ ಕೇಸಲ್ಲಿ ತುಂಬಿ ತುಳುಕಿದ್ಮೇಲೆ, ಹೆಪಾರಿನ್ ಪೂರ್ತಿ ಏರಿರೋವಾಗ, ಬಟ್ಟೆ ಅಡಿಯಲ್ಲಿ ಕತ್ತಲಲ್ಲಿ ತಡಕಾಡಿ ಹಾಕೋದಿದೆಯಲ್ಲ, ಅದು ಎಲ್ಲಕ್ಕಿಂತ ಕೆಟ್ಟದ್ದು. ನಮಗೆ ಬರೋ ಫೋನ್‌ಗಳಲ್ಲಿ ಅದೇ ಜಾಸ್ತಿ.

ಇನ್‌ಫೆಕ್ಷನ್ ವಿಷಯಕ್ಕೆ ಬಂದ್ರೆ, ಪೈಪ್ ಇದ್ದಷ್ಟು ದಿನ ದಿನಕ್ಕೆ ಸುಮಾರು 3 ರಿಂದ 7 ಪರ್ಸೆಂಟ್ ಜನಕ್ಕೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರ್ಕೊಳತ್ತೆ ಅಂತ ಲೆಕ್ಕ, ಎಲ್ರಿಗೂ ಜ್ವರ ಬರಲ್ಲ ಬಿಡಿ. ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ 2009ರಲ್ಲೇ ಹೇಳಿದೆ, ಆಪರೇಷನ್ ಅಂದ ತಕ್ಷಣ ಎಲ್ರಿಗೂ ಹಾಕ್ಬೇಡಿ, ಅಗತ್ಯ ಇದ್ದೋರಿಗೆ ಮಾತ್ರ ಹಾಕಿ, ಹಾಕಿದ್ರೂ ಆದಷ್ಟು ಬೇಗ, 24 ಗಂಟೆ ಒಳಗೆ ತೆಗೀರಿ ಅಂತ. ತಮಾಷೆ ಏನು ಅಂದ್ರೆ ಅಗತ್ಯ ಅಂದ್ರೆ ಏನು ಅಂತ ಅದೇ ಗೈಡ್‌ಲೈನ್ ಕೊಡೋ ಉದಾಹರಣೆಗಳಲ್ಲಿ ಉದ್ದದ ಆಪರೇಷನ್ನೂ ಇದೆ, ತುಂಬಾ ನೀರು ಕೊಡೋದು ಇಲ್ಲ ಲ್ಯಾಸಿಕ್ಸ್ ಥರದ್ದು ಕೊಡೋದೂ ಇದೆ. ಹಂಗಾಗಿ ನಮ್ಮ ಅಬ್ಲೇಶನ್ ಡಾಕ್ಟ್ರು ಅದನ್ನೇ ತೋರ್ಸಿ ಹಾಕ್ಲೂಬಹುದು, ಅದನ್ನೇ ತೋರ್ಸಿ ಬಿಡ್ಲೂಬಹುದು 😀 ಎರಡು ಗಂಟೆ ಒಳಗಿನ ಕೇಸಿಗೆ, ಪ್ರಾಸ್ಟೇಟ್ ತೊಂದ್ರೆ ಇಲ್ದೋರಿಗೆ ಹಾಕೋದು ನನ್ನ ಪ್ರಕಾರ ಬೇಕಿಲ್ಲ.

ಈಗ @ತಿಪಟೂರಿನ ಮಗಳು, ರಾತ್ರಿ ಎರಡು ಮೂರು ಸಲ ಅಂದ್ರಲ್ಲ, ಹುಬ್ಬಳ್ಳಿ ಕಾಕಾ ಹೇಳಿದ್ದು ನೂರಕ್ಕೆ ನೂರು ನಿಜ. ಕೇಸಿಗೆ ಮುಂಚೆ ಒಂದು ಅಲ್ಟ್ರಾಸೌಂಡ್ ಮಾಡ್ಸಿ, ಒಂದಕ್ಕೆ ಹೋಗಿ ಬಂದ್ಮೇಲೂ ಒಳಗೆ ಎಷ್ಟು ಉಳ್ದಿದೆ ಅಂತ ನೋಡ್ತಾರೆ, ಪಿವಿಆರ್ ಅಂತಾರೆ, ಐದು ನಿಮಿಷದ ಕೆಲಸ. ಕಮ್ಮಿ ಇದ್ರೆ ಪೈಪ್ ಬೇಡ ಅಂತ ಧೈರ್ಯವಾಗಿ ಕೇಳಿ. ಜಾಸ್ತಿ ಉಳೀತಿದ್ರೆ, ಮಂಪರಿಗೆ ಕೊಡೋ ಫೆಂಟನಿಲ್ ಥರದ್ದು ಮೂತ್ರಕೋಶನೂ ಮಲಗಿಸತ್ತೆ, ಆಮೇಲೆ ಅಂಗಾತ ಮಲಗೋದು, ಅದರ ಮೇಲೆ ನೀರು, ಎಲ್ಲಾ ಸೇರಿ ಕಟ್ಕೊಳ್ಳೋ ಸಾಧ್ಯತೆ ಜಾಸ್ತಿ. ಪ್ರಾಸ್ಟೇಟ್ ಸಡಿಲ ಮಾಡಿ ಮೂತ್ರ ಸಲೀಸು ಮಾಡೋ ಟ್ಯಾಮ್ಸುಲೋಸಿನ್ ಅಂತ ಮಾತ್ರೆ ಇದೆ, ಬೇಕಾ ಬೇಡ್ವಾ ಡಾಕ್ಟ್ರೇ ಹೇಳ್ಲಿ, ಬಿಪಿ ಇಳಿಸಬಹುದು ಅದು, ಮೆಡಿಕಲ್ ಸ್ಟೋರಲ್ಲಿ ಕೇಳಿ ತಗೋಬೇಡಿ. ಹಂಗೇ ಅಬ್ಲೇಶನ್ ಹತ್ರ ಬಂದಾಗ ಶೀತ ಅಂತ ಅಂಗಡಿ ಮಾತ್ರೆ ನುಂಗ್ಬೇಡಿ, ಹಳೇ ಕಾಲದ ಅಲರ್ಜಿ ಔಷಧಿ ಅಂಥ ಎಷ್ಟೋ ಮಾತ್ರೇಲಿ ಇರತ್ತೆ, ಪ್ರಾಸ್ಟೇಟ್ ಇರೋರಿಗೆ ಅದೊಂದೇ ಸಾಕು ಕಟ್ಕೊಳ್ಳೋಕೆ.

ನ್ಯೂಜೆರ್ಸಿ ಗೌಡ:

ಇಲ್ಲಿ ನಂದು ಪಲ್ಸ್ಡ್ ಫೀಲ್ಡ್ ಅಬ್ಲೇಶನ್ ಆಯ್ತು, ಪಿಎಫ್‌ಎ ಅಂತಾರೆ, ಸುಡೋದೂ ಅಲ್ಲ ತಣ್ಣಗೆ ಮಾಡೋದೂ ಅಲ್ಲ, ಕರೆಂಟಿನ ಚಿಕ್ಕ ಚಿಕ್ಕ ಹೊಡೆತ. ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಮೊದಲು ಸಿಕ್ಕಿದ್ದು 2023ರ ಡಿಸೆಂಬರಲ್ಲಿ. ಪೂರ್ತಿ ಅನಸ್ತೇಶಿಯಾ, ಆದ್ರೂ ಫೋಲಿ ಹಾಕ್ಲಿಲ್ಲ, ಯಾಕಂದ್ರೆ ಒಳಗಿನ ಕೆಲಸ ಒಂದು ಗಂಟೆ ಚಿಲ್ಲರೆಗೆ ಮುಗೀತು. ತೊಡೆಸಂದಿಗೆ ಎಂಟರ ಆಕಾರದ ಹೊಲಿಗೆ ಹಾಕಿದ್ರು, ಅದರಿಂದ ಎರಡು ಮೂರು ಗಂಟೆಗೇ ಎದ್ದು ನಿಲ್ಸಿದ್ರು. ಎದ್ದು ನಿಂತ್ರೆ ಅರ್ಧ ಸಮಸ್ಯೆ ಇಲ್ವೇ ಇಲ್ಲ, ಹುಬ್ಬಳ್ಳಿ ಕಾಕಂಗೂ ಹಂಗೇ ಮಾಡಿದ್ರೆ ಆ ರಾತ್ರಿ ಬರ್ತಿರ್ಲಿಲ್ಲ ಅನ್ಸತ್ತೆ.

ಒಂದು ಮಾತು, ಪಿಎಫ್‌ಎ ಮಾಡಿಸ್ಕೊಳ್ಳೋರಿಗೆ. ಆ ಹೊಡೆತಕ್ಕೆ ಸ್ವಲ್ಪ ಕೆಂಪು ರಕ್ತಕಣ ಒಡೆಯತ್ತಂತೆ, ಹೊಡೆತ ಜಾಸ್ತಿ ಕೊಟ್ಟಿದ್ರೆ ಮೂತ್ರ ಕೋಕಾಕೋಲಾ ಬಣ್ಣಕ್ಕೆ ಬರಬಹುದು, ಕಿಡ್ನಿಗೆ ಪೆಟ್ಟಾಗ್ಬಾರ್ದು ಅಂತ ಡ್ರಿಪ್ ಚೆನ್ನಾಗಿ ಓಡಿಸ್ತಾರೆ. ನನ್ನ ನರ್ಸ್ ಮುಂಚೇನೇ ಹೇಳಿದ್ರು, ಮೊದಲೆರಡು ಸಲ ಹೋದಾಗ ಫ್ಲಶ್ ಮಾಡ್ಬೇಡಿ, ಬಣ್ಣ ನಾನು ನೋಡ್ಬೇಕು ಅಂತ. ಪೈಪ್ ಇದ್ರೆ ಬ್ಯಾಗಲ್ಲಿ ಅವ್ರಿಗೇ ಕಾಣತ್ತೆ, ಇಲ್ದಿದ್ರೆ ನಾವೇ ಹೇಳ್ಬೇಕು.

ಹುಬ್ಬಳ್ಳಿ ಕಾಕಾ:

ಗೌಡ್ರ, ಎಂಟರ ಹೊಲಿಗಿ ಅಂತ ಒಂದು ಅದ ಅಂತ ಯಾರೂ ನನಗ ಹೇಳ್ಲೇ ಇಲ್ಲ ನೋಡ್ರಿ. ನಾನು ನಳದ ಸಪ್ಪಳ ಕೇಳ್ಕೋತ ಮಕ್ಕೊಂಡಿದ್ದೆ.

ತಿಪಟೂರಿನ ಮಗಳು:

ಅಪ್‌ಡೇಟ್ ಹಾಕೋದು ಲೇಟಾಯ್ತು, ಸಾರಿ. ಅಬ್ಲೇಶನ್ ಆಗಿ ಇವತ್ತಿಗೆ ಒಂಬತ್ತು ದಿನ, ಅಪ್ಪ ಚೆನ್ನಾಗಿದಾರೆ.

ಇಲ್ಲಿ ಓದಿದ್ಮೇಲೆ ಮತ್ತೆ ಅಪಾಯಿಂಟ್‌ಮೆಂಟ್ ತಗೊಂಡು ಡಾಕ್ಟ್ರ ಹತ್ರ ಹೋದ್ವಿ. ಹರ್ನಿಯಾ ಕಥೆ ಅಪ್ಪನೇ ಹೇಳಿದ್ರು, ಮೇಷ್ಟ್ರಲ್ವಾ, ಪಾಠ ಮಾಡಿದಂಗೆ ಮೊದಲಿಂದ ಕೊನೇ ತನಕ. ಡಾಕ್ಟ್ರು ಅರ್ಧದಲ್ಲಿ ತಡೀಲಿಲ್ಲ. "ನಿಮಗೆ ಹಾಕ್ಲೇಬೇಕು ಅಂತೇನಿಲ್ಲ, ಆದ್ರೆ ಹಾಕ್ದೇ ಬಿಡೋಕೂ ನಂಗೆ ಒಂದು ಕಾರಣ ಬೇಕು" ಅಂತ ಹೇಳಿ ಅವತ್ತೇ ಸ್ಕ್ಯಾನ್ ಬರೆದ್ರು. ಯೂರೋ ಪಿಜಿ ಸರ್, ನೀವು ಹೇಳಿದ್ದೇ ಆಯ್ತು. ಒಂದಕ್ಕೆ ಹೋಗಿ ಬಂದ್ಮೇಲೂ ಒಳಗೆ 180 ಎಂಎಲ್ ಉಳ್ದಿತ್ತು, ಪ್ರಾಸ್ಟೇಟ್ ದೊಡ್ಡದಾಗಿದೆ. ರಿಪೋರ್ಟ್ ಹಿಡ್ಕೊಂಡು ಹೊರಗೆ ಬಂದ್ವಿ, ನಂಗೆ ಬಾಯೇ ಬರ್ತಿಲ್ಲ, ಇವ್ರು ಈಗ ಪೂರ್ತಿ ಬೇಡ ಅಂತಾರೆ ಅಂದ್ಕೊಂಡೆ. ಅಪ್ಪ ರಿಪೋರ್ಟ್ ಎರಡು ಸಲ ಓದಿ, ಕನ್ನಡಕ ತೆಗೆದು, "ಹಂಗಾದ್ರೆ ಹುಬ್ಬಳ್ಳಿಯೋರಿಗೆ ಆಗಿದ್ದು ನಂಗೂ ಆಗತ್ತೆ, ಅಲ್ವಾ" ಅಂದ್ರು. ಕಾಕಾ, ನಿಮ್ಮ ಕಥೆ ಮೂರು ಸಲ ಓದಿಸ್ಕೊಂಡಿದಾರೆ.

ಕೊನೆಗೆ ಹಾಕ್ಸೋದೇ ಅಂತಾಯ್ತು, ಆದ್ರೆ ಅಪ್ಪನ ಕಂಡೀಷನ್ ಮೇಲೆ. ಎಚ್ಚರ ಇರೋವಾಗ ಬೇಡ, ಚಿಕ್ಕ ಸೈಜ್ ಇರ್ಲಿ, ಸಂಜೆಗೆ ತೆಗೀಬೇಕು. ಅವ್ರದ್ದು ಪೂರ್ತಿ ಅನಸ್ತೇಶಿಯಾ ಇತ್ತು, ನಿದ್ದೆ ಬಂದ್ಮೇಲೆ, ಹೆಪಾರಿನ್ ಕೊಡೋಕೆ ಮುಂಚೆ 14 ಸೈಜಿಂದು ಹಾಕಿದ್ರಂತೆ. ಸಂಜೆ ಏಳಕ್ಕೆ ಸಿಸ್ಟರ್ ತೆಗೆಯೋಕೆ ಬಂದಾಗ ಅಪ್ಪ ಮಂಚದ ಕಂಬಿ ಗಟ್ಟಿಯಾಗಿ ಹಿಡ್ಕೊಂಡು ಕಣ್ಣು ಮುಚ್ಚಿದ್ರು. ಸಿಸ್ಟರ್ ಸಿರಿಂಜಲ್ಲಿ ಬಲೂನಿನ ನೀರು ಎಳೆದು "ಅಜ್ಜ, ಹತ್ತು ಎಂಎಲ್ ಹಾಕಿದ್ವಿ, ಹತ್ತೂ ಬಂತು ನೋಡಿ" ಅಂತ ಅವ್ರ ಕಣ್ಣೆದುರೇ ತೋರ್ಸಿದ್ಲು, ಉಸಿರು ಬಿಡಿ ಅಂದ್ಲು, ಬಿಟ್ರು, ಆಚೆ ಬಂದಾಗಿತ್ತು. ಅಪ್ಪ ಇನ್ನೂ ಕಣ್ಣು ಮುಚ್ಕೊಂಡೇ "ಯಾವಾಗ ತೆಗೀತೀಯಮ್ಮ" ಅಂತಿದಾರೆ.

ರಾತ್ರಿ ಹತ್ತೂವರೆಗೆ ಎದ್ದು ನಿಲ್ಲಬಹುದು ಅಂದ್ರು. ಮೊದಲ ಸಲ ಹೋದಾಗ ಸ್ವಲ್ಪ ಉರಿ, ಎರಡನೇ ಸಲ ಇನ್ನೂ ಕಮ್ಮಿ, ಬಣ್ಣ ಮಾಮೂಲಿ. ಮರುದಿನ ಯೂರಾಲಜಿಗೆ ತೋರ್ಸಿ ಪ್ರಾಸ್ಟೇಟಿಗೆ ಮಾತ್ರೆ ಶುರು ಆಗಿದೆ, ಈಗ ರಾತ್ರಿ ಒಂದೇ ಸಲ ಏಳ್ತಾರೆ. ಅಮ್ಮ ಹೇಳೋದು, ಎದೆ ಬಡಿತದ್ದು ಗೊತ್ತಿಲ್ಲ, ನಂಗಂತೂ ನಿದ್ದೆ ಸರಿ ಹೋಯ್ತು ಅಂತ.

ಕೋಆರ್ಡಿನೇಟರ್ ಡಿಸ್ಚಾರ್ಜ್ ದಿನ ಸಿಕ್ಕಿದ್ರು, ನೀರು ಚೆನ್ನಾಗಿ ಕುಡೀರಿ, ಆದ್ರೆ ಎಳನೀರು ಎಷ್ಟು ಅಂತ ಡಾಕ್ಟ್ರನ್ನ ಕೇಳಿ ಅಂದ್ರು. ತಿಪಟೂರಿನೋರಿಗೆ! ಅಪ್ಪ ದಿನಕ್ಕೊಂದು ಅಂತ ಬರೆಸ್ಕೊಂಡೇ ಬಂದಿದಾರೆ.